ನಿಮಿಷಕ್ಕೆ ನೂರಾ ಆರು

ನಂಜನಗೂಡಿನಲ್ಲಿ ನಮ್ಮ ಅಭ್ಯಾಸದ ಕೋಣೆ ಇರುವುದು ಒಂದು ಗೊಬ್ಬರದಂಗಡಿಯ ಮೇಲೆ. ಮೆಟ್ಟಿಲು ಕಡಿದು. ಆ ಹೆಂಗಸು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ವಯಸ್ಸು ಅರವತ್ತು ದಾಟಿತ್ತು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಚೀಲದಿಂದ ತೆಗೆದು, ಮಡಿಕೆ ಬಿಡಿಸಿ, ನನ್ನ ಕೀಬೋರ್ಡಿನ ಮೇಲೆಯೇ ಹರಡಿದರು. ಹಾಳೆಯ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಇಪ್ಪತ್ತೆರಡು ಹಾಡುಗಳ ಮೊದಲ ಸಾಲು ಬರೆದಿತ್ತು.

“ಇವಿಷ್ಟೂ ಬೇಕು ಕಣವ್ವ. ಎಲ್ಲಾ ನಾವು ವಯಸ್ಸಲ್ಲಿದ್ದಾಗಿನ ಹಾಡು.”

ನಮ್ಮದು ಎಂಬತ್ತರ ದಶಕದ ಸಿನಿಮಾ ಹಾಡು, ಡಿಸ್ಕೊ ಹಾಡುಗಳನ್ನು ಮಾತ್ರ ನುಡಿಸುವ ನಾಲ್ಕು ಜನರ ಆರ್ಕೆಸ್ಟ್ರಾ. ನಾನು ಕೀಬೋರ್ಡ್ ನುಡಿಸುತ್ತೇನೆ, ಹೆಣ್ಣು ದನಿಯ ಸಾಲುಗಳನ್ನೂ ನಾನೇ ಹಾಡುತ್ತೇನೆ. ಉಳಿದವರು ಒಬ್ಬ ಗಾಯಕ, ಒಬ್ಬ ಡ್ರಮ್ಮರ್, ಒಬ್ಬ ಬೇಸ್ ಗಿಟಾರಿನವನು. ಗಾಯಕರೇ ನಮ್ಮಲ್ಲಿ ಹಿರಿಯರು. ಅವರು ಪಟ್ಟಿಯ ಮೇಲೆ ಕಣ್ಣಾಡಿಸಿ ಕೇಳಿದರು: “ಆಯ್ತಮ್ಮ. ಮಧ್ಯೆ ಸನ್ಮಾನ ಎಷ್ಟು ಜನಕ್ಕೆ? ಭಾಷಣ ಇದೆಯಾ?”

“ಸನ್ಮಾನನೂ ಇಲ್ಲ, ಭಾಷಣನೂ ಇಲ್ಲ ಸಾ. ಹಾಡು ಕೇಳಾಕೆ ಮನೇಲಿ ಟಿವಿ ಅದೆ. ನಾವ್ ಬತ್ತಿರೋದು ಕುಣಿಯಾಕೆ.”

ನಾವು ನುಡಿಸುವುದೆಲ್ಲ ಕುರ್ಚಿಯಲ್ಲಿ ಕೂತ ಜನರ ಮುಂದೆ. ಬಹಳವಾದರೆ ನಾಲ್ಕು ಹುಡುಗರು ಮುಂದೆ ಬಂದು ಕೈಕಾಲು ಆಡಿಸುತ್ತಾರೆ. ಈ ಹೆಂಗಸು ಹೇಳುತ್ತಿದ್ದುದು ಅರವತ್ತು ಜನ ಹೆಂಗಸರು, ಎರಡೂವರೆ ಗಂಟೆ, ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಬಿಡುವೇ ಇಲ್ಲದ ಕುಣಿತ. ಅವರೆಲ್ಲ ತಿರುಮಕೂಡಲು ನರಸೀಪುರದ ಆಸುಪಾಸಿನಲ್ಲಿ ಒಂದೇ ರೇಷ್ಮೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಜತೆಗೆ ದುಡಿದವರಂತೆ. ಕಾರ್ಖಾನೆ ಬಿಟ್ಟ ಮೇಲೆ ಒಬ್ಬೊಬ್ಬರು ಒಂದೊಂದು ಊರಾಗಿದ್ದರು. ಈಕೆ ಹೆಮ್ಮಿಗೆಯವರು. ಆರು ತಿಂಗಳು ಫೋನು ಮಾಡಿ ಮಾಡಿ ಎಲ್ಲರನ್ನೂ ಕೂಡಿಸಿದ್ದರು.

ಹೊರಡುವಾಗ ಅವರು ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು: “ಮನೇಲೆಲ್ಲ ನಗ್ತಾವ್ರೆ ಕಣವ್ವ. ಮೊಮ್ಮಕ್ಕಳು ಕಂಡಿರೋ ಮುದುಕೀರು ಕುಣಿಯಾಕ್ ಓಯ್ತಾವ್ರಂತೆ ಅಂತ. ಅರವತ್ತು ಜನನೂ ಆ ಮಾತ ನುಂಗ್ಕೊಂಡೇ ಬತ್ತಾವ್ರೆ. ಅಲ್ಲಿಗ್ ಬಂದು ಗೋಡೆ ಪಕ್ಕ ಕೂತು ಎದ್ದೋಗಂಗೆ ಮಾತ್ರ ಆಗ್ಬಾರ್ದು.”

“ಕೂರೋಕೆ ಬಿಡೋದಿಲ್ಲ ಅಮ್ಮ,” ಎಂದೆ. ಹೇಳಿದ್ದು ಅವರ ಸಮಾಧಾನಕ್ಕಲ್ಲ. ಈ ಕೆಲಸ ನನಗೆ ಬರುತ್ತದೆ ಎಂಬ ನಂಬಿಕೆ ನನಗಿತ್ತು.

ಮೂರು ವಾರ ಸಿಕ್ಕಿತು. ಮೊದಲು ಇಪ್ಪತ್ತೆರಡು ಹಾಡುಗಳ ಮೂಲವನ್ನೂ ಹುಡುಕಿ, ಒಂದೊಂದರ ವೇಗ ಅಳೆದೆ. ಹೆಚ್ಚಿನವು ನಿಮಿಷಕ್ಕೆ ನೂರಿಪ್ಪತ್ತರಿಂದ ನೂರಮೂವತ್ತು ಬಡಿತದ ಒಳಗಿದ್ದವು. ಬಿಡುವಿಲ್ಲದೆ ಹಾಡಿನಿಂದ ಹಾಡಿಗೆ ದಾಟಬೇಕೆಂದರೆ ವೇಗ ಒಂದೇ ಇರಬೇಕು. ಎಲ್ಲವನ್ನೂ ನೂರಿಪ್ಪತ್ತಾರಕ್ಕೆ ತಂದು, ನಾಲ್ಕೈದು ಹಾಡಿನ ಸರಪಳಿಗಳನ್ನು ಮಾಡಿದೆ. ಕಹಳೆ, ಪಿಟೀಲುಗಳ ಗುಂಪು, ಎರಡನೇ ಗಿಟಾರು, ಡ್ರಮ್ಸ್ ಬಿಟ್ಟು ಉಳಿದ ತಾಳವಾದ್ಯ, ಹೀಗೆ ನಾಲ್ಕೇ ಜನ ನುಡಿಸಲಾಗದ್ದನ್ನೆಲ್ಲ ಮೊದಲೇ ಮುದ್ರಿಸಿದ ಟ್ರ್ಯಾಕ್‌ನಲ್ಲಿ ತುಂಬಿ ಲ್ಯಾಪ್‌ಟಾಪ್‌ಗೆ ಹಾಕಿದೆ. ಈಗ ಎಲ್ಲ ಆರ್ಕೆಸ್ಟ್ರಾದವರೂ ಮಾಡುವುದು ಹೀಗೆಯೇ. ಟ್ರ್ಯಾಕ್ ಓಡುತ್ತದೆ, ನಾವು ಅದರ ಮೇಲೆ ನುಡಿಸುತ್ತೇವೆ. ಡ್ರಮ್ಮರನ ಕಿವಿಗೆ ಟಿಕ್ ಟಿಕ್ ಎಂಬ ಎಣಿಕೆ ಕೇಳುತ್ತಿರುತ್ತದೆ. ಅವನು ಅದನ್ನು ಬಿಟ್ಟು ಅತ್ತಿತ್ತ ಹೋಗುವಂತಿಲ್ಲ.

ನಡುವೆ ಒಂದು ದಿನ ನರಸೀಪುರಕ್ಕೆ ಹೋಗಿ, ಕಾರ್ಯಕ್ರಮ ನಡೆಯಲಿದ್ದ ಸಭಾಂಗಣ ನೋಡಿ ಬಂದೆ. ನುಣುಪಾದ ಗ್ರಾನೈಟ್ ನೆಲ, ಬೋಳು ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಮೂರು ಕೇಳಿಸಿತು. ಹಿಂದಿನ ಗೋಡೆಗೆ ಶಾಮಿಯಾನದ ದಪ್ಪ ಬಟ್ಟೆಯನ್ನು ನೆರಿಗೆ ಬಿಟ್ಟು ಇಳಿಬಿಡಲು ಹೇಳಿದೆ. ನೆರಿಗೆ ಇದ್ದರೆ ಸದ್ದು ಅಲ್ಲೇ ಅಡಗುತ್ತದೆ. ಸ್ಪೀಕರುಗಳನ್ನು ತಾಂಡವಪುರದ ಪರಿಚಯದವರೊಬ್ಬರಿಂದ ಬಾಡಿಗೆಗೆ ತಂದೆವು. ಬೇಸ್ ಪೆಟ್ಟಿಗೆಗಳೆರಡನ್ನೂ ವೇದಿಕೆಯ ಮೇಲಿಡದೆ ನೆಲದ ಮೇಲೆ ಜೋಡಿಸಿ ಇಡಬೇಕೆಂದು ಗುರುತು ಹಾಕಿಕೊಂಡೆ. ಕುಣಿಯುವವರಿಗೆ ತಾಳ ಕಿವಿಗಿಂತ ಮೊದಲು ಅಂಗಾಲಿಗೆ ತಲುಪಬೇಕು.

ಕಾರ್ಯಕ್ರಮದ ದಿನ, ಶನಿವಾರ ಮಧ್ಯಾಹ್ನ ಎರಡಕ್ಕೆಲ್ಲ ನಾವು ಅಲ್ಲಿದ್ದೆವು. ಸಾಮಾನು ಜೋಡಿಸಿ ಸ್ವಿಚ್ ಹಾಕಿದರೆ ಸ್ಪೀಕರುಗಳಲ್ಲಿ ಜೇನುಹುಳದ ಗೂಡಿನಂತೆ ಒಂದೇ ಸಮನೆ ಗುಂಯ್ ಎಂಬ ಸದ್ದು. ವೈರು ಬದಲಿಸಿದೆವು, ಮಿಕ್ಸರು ಬದಲಿಸಿದೆವು, ಹೋಗಲಿಲ್ಲ. ಕಡೆಗೆ ಕಳಲೆ ಊರಿನ ನಮ್ಮ ಡ್ರಮ್ಮರ್ ಮುಂಬಾಗಿಲಿಗೆ ಕಟ್ಟಿದ್ದ ಸೀರಿಯಲ್ ಲೈಟಿನ ವೈರನ್ನೇ ಹಿಡಿದುಕೊಂಡು ಬಂದ. ಅದರ ಕೊನೆ ಇದ್ದದ್ದು ನಾವು ಕರೆಂಟ್ ತೆಗೆದುಕೊಂಡ ಬೋರ್ಡಿನಲ್ಲೇ.

“ಅಕ್ಕ, ಇಲ್ಲಿ ಅದೆ ನೋಡಿ ರೋಗ,” ಎಂದ. ಮೈನ್ ಬೋರ್ಡಿನಿಂದ ನಮಗೆ ಬೇರೆಯೇ ಒಂದು ಲೈನ್ ಎಳೆಸಿದ ಮೇಲೆ ಸದ್ದು ನಿಂತಿತು. ಐದು ಗಂಟೆಗೆ ಒಂದು ಸರಪಳಿ ಪೂರ್ತಿ ನುಡಿಸಿ ನೋಡಿದೆವು. ಗಡಿಯಾರದಂತೆ ಓಡಿತು. ಇನ್ನೊಮ್ಮೆ ಉಳಿದ ಮೂವರಿಗೆ ನುಡಿಸಲು ಹೇಳಿ, ನಾನು ಸಭಾಂಗಣದ ನಾಲ್ಕೂ ಮೂಲೆಗೆ ಹೋಗಿ ನಿಂತು ಕೇಳಿದೆ. ಇದಕ್ಕಿಂತ ಚೆನ್ನಾಗಿ ನಮ್ಮ ಆರ್ಕೆಸ್ಟ್ರಾ ಎಂದೂ ಕೇಳಿಸಿರಲಿಲ್ಲ.

ಆರೂವರೆಗೆ ಹೆಂಗಸರು ಬರತೊಡಗಿದರು. ಬಸ್ಸಿನಲ್ಲಿ ಬಂದವರು, ಆಟೋದಲ್ಲಿ ಬಂದವರು, ಅಳಿಯನ ಬೈಕಿನ ಹಿಂದೆ ಕೂತು ಬಂದು ಗೇಟಿನಲ್ಲೇ ಅವನನ್ನು ವಾಪಸು ಕಳಿಸಿದವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರನ್ನು ಒಳಗಿದ್ದವರು ಕೂಗಿ ತಬ್ಬಿಕೊಳ್ಳುತ್ತಿದ್ದರು. ಹೆಮ್ಮಿಗೆಯ ಅಮ್ಮ ಒಂದು ಕುಕ್ಕೆ ಹಿಡಿದು ಬಾಗಿಲಲ್ಲಿ ನಿಂತು ಬಂದವರೆಲ್ಲರ ಫೋನನ್ನೂ ಅದರೊಳಗೆ ಹಾಕಿಸಿಕೊಂಡರು. ಯಾರೂ ವಿಡಿಯೊ ಮಾಡುವ ಹಾಗಿಲ್ಲ. ನಂತರ ವೇದಿಕೆಯ ಕಡೆ ತಿರುಗಿ ಕೈ ಎತ್ತಿದರು. ಏಳು ಗಂಟೆ ಐದು ನಿಮಿಷಕ್ಕೆ ನಾನು ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ.

ಮೊದಲ ಹಾಡಿನ ಶುರುವಿನ ಕಹಳೆ ಕೇಳಿದ್ದೇ ತಡ, ಒಂದು ಕೂಗು ಎದ್ದಿತು. ಅರವತ್ತು ಜನರೂ ನಡುವಿಗೆ ನುಗ್ಗಿದರು. ಡ್ರಮ್ಮರ್ ನನ್ನ ಕಡೆ ನೋಡಿ ಹಲ್ಲು ಬಿಟ್ಟ. ಗೆದ್ದೆವು ಎಂದುಕೊಂಡೆ.

ಎರಡನೇ ಹಾಡಿನ ಅರ್ಧಕ್ಕೆ ಅಂಚಿನಲ್ಲಿದ್ದವರು ಗೋಡೆ ಪಕ್ಕದ ಕುರ್ಚಿಗಳ ಕಡೆ ಸರಿದರು. ಮೂರನೇ ಹಾಡಿಗೆ ನಡುವೆ ಉಳಿದವರು ಇಪ್ಪತ್ತು ಜನ. ಎಲ್ಲಿ ಏನಾಯಿತು ನನಗೆ ತಿಳಿಯಲಿಲ್ಲ. ಕೂತವರು ಬೇಸರದಲ್ಲೇನೂ ಇರಲಿಲ್ಲ. ನಗುತ್ತ ಹಾಡಿನ ಸಾಲುಗಳಿಗೆ ತುಟಿಯಾಡಿಸುತ್ತಿದ್ದರು. ಆದರೆ ಕೂತಿದ್ದರು.

ಹಾಡಿನ ಆಯ್ಕೆ ತಪ್ಪಿರಬೇಕು ಎಂದುಕೊಂಡು ಎರಡನೇ ಸರಪಳಿಯನ್ನು ಬಿಟ್ಟು, ಕೊನೆಗೆಂದು ಕಾದಿಟ್ಟಿದ್ದ, ಎಲ್ಲರೂ ಹುಚ್ಚೆದ್ದು ಕುಣಿಯಬಹುದಾದ ಸರಪಳಿಯನ್ನೇ ಹಾಕಿದೆ. ಮತ್ತೆ ಕೂಗು. ಮತ್ತೆ ಎಲ್ಲರೂ ಎದ್ದರು. ಮತ್ತೆ ಒಂದೂವರೆ ಹಾಡಿಗೆ ಕುರ್ಚಿಗಳು ತುಂಬಿದವು. ಗಾಯಕರು ಮೈಕು ಪಕ್ಕಕ್ಕೆ ಹಿಡಿದು, “ಮೇಡಮ್, ಸೌಂಡ್ ಏರಿಸಿ. ಜೋಶ್ ಸಾಲ್ತಿಲ್ಲ,” ಎಂದರು. ಏರಿಸಿದೆ. ಗೋಡೆ ಬದಿಯಲ್ಲಿದ್ದ ಇಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಗಾಯಕರು ತಮಗೆ ಅಭ್ಯಾಸವಾದ ಹಾಗೆ, “ಏನ್ ತಾಯಂದಿರಾ, ಊಟ ಮಾಡಿಲ್ವಾ? ಚಪ್ಪಾಳೆ ಬರ್ಲಿ!” ಎಂದು ಹುರಿದುಂಬಿಸಲು ನೋಡಿದರು. ಹೆಂಗಸರು ಕೂತಲ್ಲಿಂದಲೇ ಚಪ್ಪಾಳೆ ಹೊಡೆದರು.

ಆ ಚಪ್ಪಾಳೆ ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಯಾವುದು ಆಗಬಾರದು ಎಂದು ಆ ಹೆಂಗಸು ಹೇಳಿದ್ದರೋ ಅದೇ ಆಗುತ್ತಿತ್ತು. ಸರಪಳಿ ಮುಗಿದ ಕೂಡಲೇ ಟ್ರ್ಯಾಕ್ ನಿಲ್ಲಿಸಿ, ಹತ್ತು ನಿಮಿಷ ಬಿಡುವು ಎಂದು ಹೇಳಿ ವೇದಿಕೆಯಿಂದ ಇಳಿದೆ.

ಹೆಮ್ಮಿಗೆಯ ಅಮ್ಮ ಎದುರಿಗೇ ಬಂದರು. ಮುಖ ಕೆಂಪಾಗಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಏನವ್ವ, ಕುಣಿಸ್ತಿದ್ದೀರೋ, ಅಟ್ಟಾಡಿಸ್ತಿದ್ದೀರೋ?”

“ಮೂಲದಲ್ಲಿ ಇರೋ ಸ್ಪೀಡೇ ಅಮ್ಮ ಇದು. ನಾನು ಅಳೆದು ನೋಡಿದ್ದೀನಿ.”

“ನೀನ್ ಅದ್ಯಾವ್ದ ಅಳೆದ್ಯೋ ಕಾಣೆ. ನಮ್ ಹಾಡು ಇಂಗಿರ್ನಿಲ್ಲ. ನಮ್ ಮೇಸ್ತ್ರಿ ತಾವ ಒಂದು ಟೇಪ್‌ರೆಕಾರ್ಡ್ ಇತ್ತು. ಊಟದ್ ಬೆಲ್ ಆದ್ಮೇಲೆ ಬಾಗ್ಲಾಕ್ಕೊಂಡು ಅದ ಆಕ್ತಿದ್ದೋ. ಸೆಲ್ ಯಾವಾಗ್ಲೂ ವೀಕು. ಹಾಡು ಎಳ್ಕೊಂಡು ಎಳ್ಕೊಂಡು, ದಪ್ಪನೆ ಗಂಟ್ಲಲ್ಲಿ ಬರದು. ನಾವ್ ಕುಣ್ದಿದ್ದು ಅದ್ಕೆ.”

ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸು ತಲೆಯಾಡಿಸಿ, “ಊಂ ಕಣವ್ವ. ಆಮೇಲೆ ರೇಡಿಯೊದಲ್ಲಿ ಅದೇ ಹಾಡು ಕೇಳ್ದಾಗ, ಇದ್ಯಾಕಿಂಗೆ ಓಡ್ತದೆ ಅಂದಿದ್ದೆ ನಾನು,” ಎಂದರು.

“ಕೈ ತಟ್ಟಿ ತೋರಿಸಿ ಅಮ್ಮ,” ಎಂದೆ. ಹೆಮ್ಮಿಗೆಯ ಅಮ್ಮ ಕಣ್ಣು ಮುಚ್ಚಿದರು. ನಾವು ಮೊದಲು ನುಡಿಸಿದ ಹಾಡಿನ ಸಾಲನ್ನು ಮೂಗಿನಲ್ಲೇ ಗುನುಗುತ್ತ ಕೈ ತಟ್ಟಿದರು. ನಾನು ಫೋನಿನಲ್ಲಿ ವೇಗ ಅಳೆಯುವ ಆ್ಯಪ್ ತೆರೆದು ಅವರ ಚಪ್ಪಾಳೆಯ ಜತೆಗೆ ಬೆರಳಿಂದ ಒತ್ತುತ್ತಾ ಹೋದೆ. ಅಂಕೆ ಅತ್ತಿತ್ತ ಓಲಾಡಿ ಕಡೆಗೆ ನೂರಾ ಆರಕ್ಕೆ ನಿಂತಿತು. ಇನ್ನೊಬ್ಬ ಹೆಂಗಸನ್ನು ಬೇರೆ ಹಾಡಿಗೆ ತಟ್ಟಲು ಹೇಳಿದೆ. ನೂರಾ ಐದು. ನಾಲ್ಕು ದಶಕದ ಹಿಂದಿನ ಸೊರಗಿದ ಸೆಲ್ಲಿನ ವೇಗ ಅವರ ಮೈಯಲ್ಲಿ ಒಂದು ಅಂಕೆಗಿಂತ ಹೆಚ್ಚು ಕದಲದೆ ಉಳಿದಿತ್ತು. ಗುನುಗಿದ ಶ್ರುತಿಯನ್ನು ಕೀಬೋರ್ಡಿನಲ್ಲಿ ಹುಡುಕಿದೆ. ಮೂಲಕ್ಕಿಂತ ಸರಿಯಾಗಿ ಮೂರು ಮನೆ, ಅಂದರೆ ಮೂರು ಕೀ, ಕೆಳಗೆ. ಟೇಪು ನಿಧಾನವಾದರೆ ಶ್ರುತಿಯೂ ಇಳಿಯುತ್ತದೆ. ಲೆಕ್ಕ ಕೂಡಿಬಂತು.

ಈಗ ಏನು ಮಾಡಬೇಕೆಂಬುದು ಸ್ಪಷ್ಟವಿತ್ತು. ಮಾಡಲಾಗುತ್ತದೆಯೇ ಎಂಬುದು ಬೇರೆ ಮಾತು. ನನ್ನಲ್ಲಿದ್ದ ಸಾಫ್ಟ್‌ವೇರಿನಲ್ಲಿ ಟ್ರ್ಯಾಕನ್ನು ಅಷ್ಟು ನಿಧಾನಕ್ಕೆ ಎಳೆದರೆ ತಾಳವಾದ್ಯಗಳ ಸದ್ದು ಸೀಳಿ ಹೋಗುತ್ತದೆ. ಅಲ್ಲೇ ಒಂದನ್ನು ಎಳೆದು ಕಿವಿಗೆ ಹಾಕಿಕೊಂಡು ನೋಡಿದೆ. ಹರಿದ ತಗಡನ್ನು ಬಡಿದಂತಿತ್ತು. ಉಳಿದದ್ದು ಒಂದೇ ದಾರಿ. ಲ್ಯಾಪ್‌ಟಾಪ್ ಮುಚ್ಚಿ, ನಾಲ್ಕೇ ಜನ ನಮ್ಮ ಕೈಯಿಂದ ನುಡಿಸುವುದು. ನಾವು ಹಾಗೆ ಒಂದು ಇಡೀ ಕಾರ್ಯಕ್ರಮ ನುಡಿಸಿ ಎಷ್ಟೋ ವರ್ಷವಾಗಿತ್ತು.

ವೇದಿಕೆಯ ಹಿಂದೆ ಮೂವರನ್ನೂ ಕರೆದು ಹೇಳಿದೆ. ಡ್ರಮ್ಮರನ ಮುಖ ಸಪ್ಪಗಾಯಿತು. “ಅಕ್ಕ, ಕಿವೀಲಿ ಟಿಕ್ ಟಿಕ್ ಇಲ್ದೆ ಒಂದೂವರೆ ಗಂಟೆನಾ? ನಾನು ಸ್ಪೀಡ್ ಜಾಸ್ತಿ ಮಾಡ್ಕೊಂಡು ಓಡ್ಬುಡ್ತೀನಿ. ಗ್ಯಾರಂಟಿ ಓಡ್ಬುಡ್ತೀನಿ.”

ಗಾಯಕರು ಒಪ್ಪಲೇ ಇಲ್ಲ. “ಮೂಲ ಶ್ರುತೀಲಿ ಹಾಡ್ತಾನೆ ಅನ್ನೋದೇ ನನಗಿರೋ ಹೆಸರು ಮೇಡಮ್. ಮೂರು ಮನೆ ಇಳಿಸಿದ್ರೆ, ವಯಸ್ಸಾಯ್ತು, ಮೇಲಕ್ಕೆ ಹೋಗಲ್ಲ ಅಂತಾರೆ.”

“ಯಾರಂತಾರೆ ಸಾರ್? ಇಲ್ಲಿ ಕೇಳೋಕೆ ಬಂದೋರು ಯಾರೂ ಇಲ್ಲ. ಎಲ್ಲ ಕುಣಿಯೋಕೆ ಬಂದೋರು.”

“ನಿಮಗೇನು, ಗುಂಡಿ ಒತ್ತಿದ್ರೆ ಇಳಿಯುತ್ತೆ.”

“ಹೌದು, ಗುಂಡಿ ಒತ್ತುತ್ತೀನಿ. ಕಹಳೇನೂ ಪಿಟೀಲೂ ಎರಡೂ ಕೈಯಲ್ಲಿ ನಾನೇ ನುಡಿಸ್ಬೇಕು. ತಪ್ಪಿದ್ರೆ ಎಲ್ಲರಿಗೂ ಕೇಳುತ್ತೆ. ಆ ತಪ್ಪು ನಂದು. ನೀವು ಮೂರು ಹಾಡು ಹಾಡಿ ನೋಡಿ. ಆಗಲೂ ಕೂತಿದ್ರೆ ಲ್ಯಾಪ್‌ಟಾಪ್ ತೆಗೀತೀನಿ.”

ಅವರು ನೀರು ಕುಡಿದು ವೇದಿಕೆಗೆ ನಡೆದರು. ಬೇಸ್ ಗಿಟಾರಿನವನು ಆಗಲೇ ಮೂಲೆಯಲ್ಲಿ ಕೂತು, ಬೆರಳಿಡುವ ಜಾಗವನ್ನೆಲ್ಲ ಮೂರು ಮನೆ ಹಿಂದಕ್ಕೆ ಎಣಿಸಿಕೊಳ್ಳುತ್ತಿದ್ದ.

ಡ್ರಮ್ಮರನಿಗೆ ಒಂದು ಆಸರೆ ಬೇಕಿತ್ತು. ನಾನು ಹೆಮ್ಮಿಗೆಯ ಅಮ್ಮನನ್ನು ಕರೆದು ಡ್ರಮ್ಸಿನ ಎದುರಿಗೇ, ವೇದಿಕೆಯ ಕೆಳಗೆ ನಿಲ್ಲಿಸಿದೆ. “ಅಮ್ಮ, ನೀವು ಎಲ್ಲಿಗೂ ಹೋಗಬೇಡಿ. ಇಲ್ಲೇ ಕುಣೀರಿ. ಇವನು ನಿಮ್ಮ ಕಾಲು ನೋಡಿಕೊಂಡು ಬಾರಿಸ್ತಾನೆ.” ಅವನಿಗೆ ಹೇಳಿದೆ: “ನನ್ನ ಕಡೆ ನೋಡಬೇಡ. ಕಿವೀಲಿರೋದು ತೆಗಿ. ಅವರ ಕಾಲು ನೆಲಕ್ಕೆ ಬಿದ್ದಾಗ ನಿನ್ನ ಕಾಲು ಪೆಡಲಿಗೆ ಬೀಳಬೇಕು, ಅಷ್ಟೇ.”

“ನನ್ ಮಗನ ವಯಸ್ಸು ನಿಂದು. ಎದ್ರುಕೋಬ್ಯಾಡ ಕಣ್ಲಾ,” ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೀಬೋರ್ಡಿನ ಮನೆಗಳನ್ನು ನಡುವಿನಿಂದ ಎರಡು ದನಿಗೆ ಹಂಚಿದೆ. ಎಡಗೈಗೆ ಪಿಟೀಲು, ಬಲಗೈಗೆ ಕಹಳೆ. ಮೊದಲ ಹಾಡನ್ನೇ ಮತ್ತೆ ಎತ್ತಿಕೊಂಡೆವು. ಶುರುವಿನ ನಾಲ್ಕು ಸಾಲು ನಮಗೇ ಕೇಳಲು ವಿಚಿತ್ರವಾಗಿತ್ತು, ಯಾವುದೋ ಬೇರೆ ಹಾಡಿನಂತೆ. ಎರಡನೇ ಚರಣದ ಮುಂಚಿನ ಕಹಳೆಯ ತುಣುಕಿನಲ್ಲಿ ನನ್ನ ಬಲಗೈ ಎಡವಿತು. ಎರಡು ಸ್ವರ ನುಂಗಿಹೋದವು. ತಲೆಯೆತ್ತಿ ನೋಡಿದರೆ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಕುರ್ಚಿಗಳಿಂದ ಒಬ್ಬೊಬ್ಬರೇ ಏಳುತ್ತಿದ್ದರು. ಈ ಸಲ ಕೂಗಿರಲಿಲ್ಲ, ನುಗ್ಗಾಟವೂ ಇರಲಿಲ್ಲ. ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಬರುವಂತೆ ಬಂದರು.

ಎರಡನೇ ಹಾಡಿನಲ್ಲಿ ಡ್ರಮ್ಮರ್ ಹೇಳಿದಂತೆಯೇ ಓಡತೊಡಗಿದ. ವೇಗ ಏರುತ್ತಿರುವುದು ನನ್ನ ಬೆರಳಿಗೆ ತಿಳಿಯಿತು. ಆದರೆ ಹೆಮ್ಮಿಗೆಯ ಅಮ್ಮನ ಕಾಲು ಏರಲಿಲ್ಲ. ಆಕೆ ತನ್ನ ಲೆಕ್ಕದಲ್ಲೇ ಧಪ್, ಧಪ್ ಎಂದು ತುಳಿಯುತ್ತ, ಅವನ ಕಡೆ ನೋಡಿ ಅಂಗೈಯನ್ನು ಕೆಳಗೆ ಮಾಡಿ ತೋರಿಸಿದರು. ಅವನು ಕಣ್ಣನ್ನು ಅವರ ಪಾದಕ್ಕೆ ನೆಟ್ಟ. ನಾಲ್ಕು ಸುತ್ತಿನಲ್ಲಿ ವೇಗ ಜಾಗಕ್ಕೆ ಬಂದು ಕೂತಿತು. ಅದಾದ ಮೇಲೆ ಆ ರಾತ್ರಿ ಅವನು ತಪ್ಪಲಿಲ್ಲ.

ಮೂರನೇ ಹಾಡಿಗೆ ಗೋಡೆ ಬದಿಯ ಕುರ್ಚಿಗಳು ಖಾಲಿಯಾಗಿದ್ದವು. ಕೋಲು ಹಿಡಿದು ಬಂದಿದ್ದ ಒಬ್ಬರು ಕೂಡ ಕೋಲನ್ನು ಗೋಡೆಗೆ ಒರಗಿಸಿ, ಇಬ್ಬರ ನಡುವೆ ನಿಂತು ತೂಗುತ್ತಿದ್ದರು. ಆಗ ನಾನು ಒಂದು ವಿಷಯ ಗಮನಿಸಿದೆ. ಅಲ್ಲಲ್ಲಿ ಕುಣಿಯುತ್ತಿದ್ದವರ ಕೈಗಳು ಒಂದೇ ರೀತಿ ಆಡತೊಡಗಿದ್ದವು. ಮುಂದಕ್ಕೆ ಬಗ್ಗಿ ಬೆರಳ ತುದಿಯಿಂದ ಏನನ್ನೋ ಹೆಕ್ಕುವುದು, ಥಟ್ಟನೆ ಎತ್ತುವುದು, ಭುಜದ ಮೇಲಿಂದ ಹಿಂದಕ್ಕೆ ಬೀಸುವುದು, ಒಂದು ಸುತ್ತು ತಿರುಗುವುದು. ಒಬ್ಬರಿಂದ ಒಬ್ಬರಿಗೆ ಹರಡಿ ಹಾಡು ಮುಗಿಯುವುದರೊಳಗೆ ಅರವತ್ತು ಜನರೂ ಒಂದೇ ಅಳತೆಯಲ್ಲಿ ಹೆಕ್ಕಿ, ಎತ್ತಿ, ಬೀಸಿ, ತಿರುಗುತ್ತಿದ್ದರು. ಅದು ಅವರು ಮಾಡುತ್ತಿದ್ದ ಕೆಲಸವೇ ಆಗಿತ್ತು. ಕುದಿನೀರಿನ ತೊಟ್ಟಿಯಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ಹೆಕ್ಕಿ, ತಿರುಗುವ ರಾಟೆಗೆ ಕೊಡುವ ಕೆಲಸ. ಬಾಗಿಲು ಹಾಕಿಕೊಂಡ ಊಟದ ಬಿಡುವಿನಲ್ಲಿ ಆ ಹುಡುಗಿಯರು ಅದನ್ನೇ ಕುಣಿತ ಮಾಡಿಕೊಂಡಿದ್ದರು. ನೂರಿಪ್ಪತ್ತಾರರಲ್ಲಿ ಹೆಕ್ಕಿದ ಕೈ ಎತ್ತುವುದರೊಳಗೆ ಮುಂದಿನ ಬಡಿತ ಬಂದುಬಿಡುತ್ತದೆ. ನೂರಾ ಆರರಲ್ಲಿ ನಾಲ್ಕು ಬಡಿತಕ್ಕೆ ನಾಲ್ಕು ಕೆಲಸ, ಸರಿಯಾಗಿ ಕೂರುತ್ತದೆ.

ನನ್ನ ಕಣ್ಣು ಮಂಜಾಯಿತು. ಕೈ ಬಿಡುವಂತಿರಲಿಲ್ಲ, ಒರೆಸಿಕೊಳ್ಳದೆ ನುಡಿಸಿದೆ.

ಹಾಡು ಮುಗಿಯುತ್ತ ಬಂದಾಗ ಗಾಯಕರ ಕಡೆ ನೋಡಿದೆ. ನಾನು ಕೇಳಿದ್ದ ಮೂರು ಹಾಡೂ ಇದರೊಂದಿಗೆ ಮುಗಿಯುತ್ತಿದ್ದವು. ಅವರು ಈಚೆಗೆ ಮೇಲಿನ ಸ್ವರಕ್ಕೆ ಹೋಗುವಾಗ ಕತ್ತಿನ ನರ ಉಬ್ಬಿಸಿ, ಮೈಕನ್ನು ದೂರ ಹಿಡಿದು ಪಾರಾಗುತ್ತಿದ್ದುದನ್ನು ನಾವೆಲ್ಲ ಕಂಡೂ ಕಾಣದಂತಿದ್ದೆವು. ಈಗ ಆ ಸ್ವರ ದುಂಡಗೆ, ನಿರಾಯಾಸವಾಗಿ ಬಂದಿತ್ತು. ಅವರು ನನ್ನ ಕಡೆ ತಿರುಗಲಿಲ್ಲ. ಬೆನ್ನ ಹಿಂದೆ ಎಡಗೈಯ ಬೆರಳನ್ನು ಸುತ್ತಿಸಿ, ನಡೀಲಿ, ನಡೀಲಿ ಎಂದು ತೋರಿಸಿದರು.

ಆಮೇಲೆ ನಿಲ್ಲಲಿಲ್ಲ. ಒಂದು ಹಾಡಿನ ಕೊನೆಯ ಸಾಲಿನ ಮೇಲೆಯೇ ಮುಂದಿನ ಹಾಡಿನ ಮೊದಲ ಸಾಲು. ಯಾವುದು ಮುಂದಿನದು ಎಂದು ನಾನು ಬಾಯಲ್ಲಿ ಸನ್ನೆ ಮಾಡುತ್ತಿದ್ದೆ. ಪಟ್ಟಿಯ ಕ್ರಮ ತಪ್ಪಿತು, ಒಂದು ಹಾಡನ್ನು ಮರೆತು ಎರಡು ಸಲ ನುಡಿಸಿದೆವು, ಯಾರೂ ಬೇಡವೆನ್ನಲಿಲ್ಲ.

ಒಂಬತ್ತೂವರೆ ದಾಟಿತು. ಹತ್ತಕ್ಕೆ ಸ್ಪೀಕರ್ ನಿಲ್ಲಿಸಲೇಬೇಕು. ಕೊನೆಯ ಹಾಡು ಎಂದು ಹೇಳಿ ಶುರು ಮಾಡಿದೆವು. ಮೊದಲ ಚರಣ ಮುಗಿಯುವಾಗ ಹೆಮ್ಮಿಗೆಯ ಅಮ್ಮ ವೇದಿಕೆಯ ಅಂಚಿಗೆ ಬಂದು ನನ್ನ ಕಡೆ ಕೈ ಚಾಚಿದರು.

“ಬಾ ಇಳಿಯವ್ವ.”

“ನಾನು ನುಡಿಸ್ಬೇಕಲ್ಲ ಅಮ್ಮ.”

“ಡ್ರಮ್ ಅದೆಯಲ್ಲ, ಸಾಕು. ಬಾ.”

ಗಾಯಕರು ನೋಡುತ್ತಿದ್ದರು. ಅವರು ಮೈಕಿನಲ್ಲೇ, ಹಾಡಿನ ನಡುವೆ, “ಹೋಗಿ ಮೇಡಮ್, ನಾವು ನೋಡ್ಕೋತೀವಿ,” ಎಂದರು. ಬೇಸ್ ಗಿಟಾರಿನವನು ನನ್ನ ಎಡಗೈಯ ಜಾಗ ತುಂಬುವಂತೆ ದಪ್ಪಗೆ ನುಡಿಸತೊಡಗಿದ. ನಾನು ಚಪ್ಪಲಿ ಬಿಟ್ಟು ಇಳಿದೆ. ಗ್ರಾನೈಟ್ ನೆಲ ಅರವತ್ತು ಜನರ ಪಾದದಿಂದ ಬೆಚ್ಚಗಾಗಿತ್ತು. ಬೇಸ್ ಪೆಟ್ಟಿಗೆಯ ಗುದ್ದು ಅಂಗಾಲಿನಿಂದ ಮಂಡಿಗೆ ಹತ್ತಿತು.

ಅವರ ಸಾಲಿನಲ್ಲಿ ನಿಂತೆ. ಬಗ್ಗಿದೆ, ಹೆಕ್ಕಿದೆ, ಎತ್ತುವುದರಲ್ಲಿ ಹಿಂದೆ ಬಿದ್ದೆ. ಹೆಮ್ಮಿಗೆಯ ಅಮ್ಮ ಕುಣಿತ ನಿಲ್ಲಿಸದೆಯೇ ನನ್ನ ಮಣಿಕಟ್ಟು ಹಿಡಿದು, ಥಟ್ಟನೆ ಮೇಲಕ್ಕೆತ್ತಿದರು. ಅವರ ಬೆರಳ ತುದಿಗಳು ಒರಟಾಗಿದ್ದವು, ಚರ್ಮ ಹಳೆಯ ಸುಟ್ಟ ಗಾಯದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು.

“ಅಂಗಲ್ಲ ಕಣವ್ವ. ಕೆಳಗೆ ಕುದಿತಾ ಇರೋ ನೀರದೆ ಅಂದ್ಕೋ. ಬೇಗ ಎತ್ತು.”

ಮುಂದಿನ ಬಡಿತಕ್ಕೆ ಬೇಗ ಎತ್ತಿದೆ.